ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್: ಒಂದು ದಿನವೂ ತಪ್ಪದಂತೆ ಮುಗಿಸುವುದು ಹೇಗೆ

ವೈದ್ಯರು ಕೊಟ್ಟ ಚೀಟಿಯಲ್ಲಿ ‘ಐಎಂಆರ್‌ಟಿ, 70 ಗ್ರೇ, 35 ಫ್ರಾಕ್ಷನ್’ ಎಂದು ಬರೆದಿರುತ್ತದೆ. ಐಎಂಆರ್‌ಟಿ ಅನ್ನುವುದು ರೇಡಿಯೇಷನ್ ಕೊಡುವ ಒಂದು ವಿಧಾನ, ಅದರ ವಿವರ ಮುಂದೆ ಇದೆ. ಗ್ರೇ ಅನ್ನುವುದು ವಿಕಿರಣದ ಅಳತೆ. 35 ಫ್ರಾಕ್ಷನ್ ಅಂದರೆ ಆ 70 ಗ್ರೇಯನ್ನು 35 ಸಲಕ್ಕೆ ಹಂಚಿ ಕೊಡುತ್ತಾರೆ. ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಒಟ್ಟು ಏಳು ವಾರ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ, 60ರಿಂದ 66 ಗ್ರೇ, ಆರು ಅಥವಾ ಆರೂವರೆ ವಾರ.

ರೋಗಿಯ ಜೊತೆ ನಿಲ್ಲುವ ಮನೆಯವರಿಗೆ ಈ ಬರಹ. ಕ್ಯಾನ್ಸರ್ ಗಡ್ಡೆಗೆ ಗುರಿಯಿಡುವ ಕೆಲಸವನ್ನು ಯಂತ್ರ, ವೈದ್ಯರು ಮತ್ತು ಡೋಸ್ ಲೆಕ್ಕ ಹಾಕುವ ಫಿಸಿಸಿಸ್ಟ್ ಸೇರಿ ಮಾಡುತ್ತಾರೆ. ಅದರಲ್ಲಿ ನಾವು ಮಾಡುವುದು ಏನೂ ಇಲ್ಲ. ಆದರೆ ಶುರುವಾದ ಚಿಕಿತ್ಸೆ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು ಬಹುಪಾಲು ಮನೆಯವರ ಕೈಯಲ್ಲೇ ಇದೆ. ಇದು ಸಣ್ಣ ವಿಷಯ ಅಲ್ಲ. ಮೂರು ನಾಲ್ಕು ವಾರ ಕಳೆದ ಮೇಲೆ, ಬದುಕುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬೇಗ ಬೇಗ ಹೆಚ್ಚತೊಡಗುತ್ತವೆ. ಚಿಕಿತ್ಸೆಯ ಒಟ್ಟು ಅವಧಿ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತದೆ. ಒಂದು ವಾರ ಊರಿಗೆ ಹೋಗಿ ಬಂದರೆ ಎಷ್ಟು ಕಳೆದುಕೊಂಡಂತೆ ಎಂದು ನೀವೇ ಲೆಕ್ಕ ಹಾಕಿ. ಕೆಳಗಿನ ಪ್ರತಿಯೊಂದು ಹೆಜ್ಜೆಯೂ ಇದನ್ನು ತಪ್ಪಿಸುವುದಕ್ಕೇ.

ಯಂತ್ರ ಮಾಡುವುದೇನು

ಕುತ್ತಿಗೆಯಲ್ಲಿ ಜಾಗ ಬಹಳ ಕಡಿಮೆ. ಕೆಲವೇ ಸೆಂಟಿಮೀಟರ್ ಅಂತರದಲ್ಲಿ ನಾಲಿಗೆ, ದವಡೆ, ಜೊಲ್ಲು ಗ್ರಂಥಿ, ಧ್ವನಿಪೆಟ್ಟಿಗೆ, ಅನ್ನನಾಳ, ಬೆನ್ನುಹುರಿ ಎಲ್ಲವೂ ಇವೆ. ಗಡ್ಡೆಗೆ 70 ಗ್ರೇ ಬೇಕು. ಬೆನ್ನುಹುರಿಗೆ 45 ಗ್ರೇ ದಾಟದಂತೆ ನೋಡಿಕೊಳ್ಳುತ್ತಾರೆ. ಕಿವಿಯ ಕೆಳಗಿರುವ ಪೆರೋಟಿಡ್ ಎಂಬ ಜೊಲ್ಲು ಗ್ರಂಥಿಗೆ ಸರಾಸರಿ 26 ಗ್ರೇಗಿಂತ ಕಡಿಮೆ ಬಿದ್ದರೆ, ಮುಂದೆ ಬಾಯಲ್ಲಿ ಮತ್ತೆ ಜೊಲ್ಲು ಬರುವ ಅವಕಾಶ ಚೆನ್ನಾಗಿರುತ್ತದೆ.

ಹಳೆಯ ವಿಧಾನದಲ್ಲಿ ಎಡಗಡೆಯಿಂದ, ಬಲಗಡೆಯಿಂದ ಅಗಲವಾದ ಕಿರಣ ಹಾಯಿಸುತ್ತಿದ್ದರು. ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಪೂರ್ತಿ ಡೋಸ್ ಬೀಳುತ್ತಿತ್ತು. ಐಎಂಆರ್‌ಟಿಯಲ್ಲಿ ಹಾಗಲ್ಲ. ಲಿನ್ಯಾಕ್ ಎಂಬ ಯಂತ್ರದ ಬಾಯಲ್ಲಿ ಟಂಗ್‌ಸ್ಟನ್ ಲೋಹದ ತೆಳುವಾದ ಪಟ್ಟಿಗಳಿರುತ್ತವೆ. ಅವು ಕಂಪ್ಯೂಟರ್ ಹೇಳಿದಂತೆ ಹಿಂದೆ ಮುಂದೆ ಸರಿಯುತ್ತವೆ. ಬೇರೆ ಬೇರೆ ದಿಕ್ಕಿನಿಂದ ಬರುವ ಕಿರಣದ ಆಕಾರವೂ ಬದಲಾಗುತ್ತದೆ, ಬಲವೂ ಬದಲಾಗುತ್ತದೆ. ಎಲ್ಲ ಕಿರಣಗಳು ಸೇರುವ ಜಾಗದಲ್ಲಿ ಮಾತ್ರ ಪೂರ್ತಿ ಡೋಸ್. ಯಂತ್ರ ತಿರುಗುತ್ತಲೇ ಕಿರಣ ಬಿಡುವ ವಿಧಾನಕ್ಕೆ ವಿಮ್ಯಾಟ್ ಎನ್ನುತ್ತಾರೆ. ಕೊಡುವ ಮುಂಚೆ ಅಲ್ಲೇ ಸ್ಕ್ಯಾನ್ ಮಾಡಿ ಜಾಗ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಐಜಿಆರ್‌ಟಿ.

ಇದರಿಂದ ಲಾಭ ಇದೆಯಾ? ಇದೆ. ಬ್ರಿಟನ್ನಿನಲ್ಲಿ ನಡೆದ ಪಾರ್ಸ್‌ಪೋರ್ಟ್ ಎಂಬ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಬಾಯಿ ಒಣಗುವ ತೊಂದರೆ ಹಳೆಯ ವಿಧಾನದಲ್ಲಿ ಶೇ 74 ಜನರಿಗೆ ಉಳಿದಿತ್ತು. ಐಎಂಆರ್‌ಟಿಯಲ್ಲಿ ಅದು ಶೇ 38ಕ್ಕೆ ಇಳಿದಿತ್ತು. ಅನ್ನ ನುಂಗುವುದಕ್ಕೆ ಪ್ರತಿ ತುತ್ತಿಗೂ ನೀರು ಬೇಕಾದವರನ್ನು ನೋಡಿದ್ದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಹಾಗಾಗಿ ಆಸ್ಪತ್ರೆ ಆರಿಸುವಾಗ ‘ಐಎಂಆರ್‌ಟಿ ಕೊಡುತ್ತೀರಾ?’ ಎಂದು ಕೇಳಿ. ಆದರೆ ಇನ್ನೂ ಹೊಸ ಯಂತ್ರ, ಪ್ರೋಟಾನ್ ಎಂಬ ಬೇರೆ ಬಗೆಯ ಕಿರಣ ಎಂದು ಊರೂರು ಅಲೆದು ವಾರಗಟ್ಟಲೆ ಕಳೆಯುವುದು ಬೇಡ. ಆಪರೇಷನ್ ಆದವರಿಗೆ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ನಮ್ಮಲ್ಲಿ ಇದನ್ನು ‘ಕರೆಂಟ್ ಕೊಡಿಸೋದು’ ಅಂತಾರೆ. ಅದಕ್ಕೇ ಹಿರಿಯರು ಹೆದರುತ್ತಾರೆ. ಶಾಕ್ ಹೊಡೆಯುವುದಿಲ್ಲ, ಸುಡುವುದಿಲ್ಲ, ಕೊಡುವಾಗ ಏನೂ ಗೊತ್ತಾಗುವುದಿಲ್ಲ ಎಂದು ಮೊದಲೇ ಹೇಳಿ. ಹೊರಗಿನಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಟ್ಟಿಗೆ ಮಲಗಬಹುದು.

ಮೊದಲು ಹಲ್ಲಿನ ಡಾಕ್ಟರ್

ಜಾಸ್ತಿ ಜನ ಬಿಟ್ಟುಬಿಡುವ ಹೆಜ್ಜೆ ಇದು. ರೇಡಿಯೇಷನ್ ಬಿದ್ದ ದವಡೆ ಎಲುಬಿಗೆ ರಕ್ತ ಸಂಚಾರ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಸಾಯುತ್ತಾ ಹೋಗಬಹುದು. ಆದ್ದರಿಂದ ಅಲುಗಾಡುವ, ಹುಳುಕಾದ, ಉಳಿಯದ ಹಲ್ಲುಗಳನ್ನು ಮೊದಲೇ ತೆಗೆಸಬೇಕು. ತೆಗೆದ ಮೇಲೆ ಒಸಡು ಮಾಯಲು 10ರಿಂದ 14 ದಿನ ಬೇಕು. ಬಯಾಪ್ಸಿ ವರದಿ ಬಂದ ವಾರವೇ ಹಲ್ಲು ತೋರಿಸಿ. ರೇಡಿಯೇಷನ್ ಹೊತ್ತಿನಲ್ಲಿ ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಮಾಡಿಸಲು ದಿನ ಸಿಕ್ಕ ಮೇಲೆ ಹಲ್ಲಿನ ನೆನಪಾದರೆ ಎರಡು ವಾರ ಸುಮ್ನೆ ಹೋಗುತ್ತದೆ. ಉಳಿಯುವ ಹಲ್ಲುಗಳಿಗೆ ಫ್ಲೋರೈಡ್ ಜೆಲ್ ಅಥವಾ ಪೇಸ್ಟ್ ಬರೆಸಿಕೊಳ್ಳಿ. ಅದನ್ನು ಮುಂದೆಯೂ ಬಿಡದೆ ಹಚ್ಚಬೇಕು.

ಜೊತೆಗೆ ಕೀಮೋ ಕೊಡುತ್ತಾರಾ ಎಂದು ಕೇಳಿ. ರೋಗ ಮುಂದುವರಿದಿದ್ದರೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆ ಅಥವಾ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಅದು ರೇಡಿಯೇಷನ್ನಿನ ಬಲ ಹೆಚ್ಚಿಸುತ್ತದೆ. ಕಿಡ್ನಿ ಮತ್ತು ಕಿವಿಯ ಮೇಲೆ ಅದರ ಪರಿಣಾಮ ಇರುವುದರಿಂದ ಕ್ರಿಯಾಟಿನಿನ್ ಪರೀಕ್ಷೆ ಮತ್ತು ಕಿವಿಯ ಪರೀಕ್ಷೆ ಮೊದಲೇ ಆಗಲಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹತೋಟಿಗೆ ತಂದುಕೊಳ್ಳಿ.

ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾ, ಬೀಡಿ, ಹೆಂಡ ಇವತ್ತೇ ನಿಲ್ಲಬೇಕು. ‘ರೋಗ ಬಂದಾಯ್ತಲ್ಲ, ಇನ್ನು ಬಿಟ್ಟು ಏನು’ ಎನ್ನುವವರಿದ್ದಾರೆ. ಬಿಟ್ಟರೆ ಚಿಕಿತ್ಸೆ ಚೆನ್ನಾಗಿ ಹತ್ತುತ್ತದೆ, ಬಾಯಿ ಹುಣ್ಣು ಬೇಗ ಮಾಯುತ್ತದೆ, ಎರಡನೇ ಕ್ಯಾನ್ಸರ್ ಬರುವ ಅಪಾಯ ಇಳಿಯುತ್ತದೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕುತ್ತೇನೆ ಅನ್ನುವುದೂ ಸಲ್ಲದು. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಘೋಷಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೆ ರೋಗಿಯ ಮುಂದೆ ಹೇಳಲೇಬೇಕು. ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಕರೆ ಮಾಡಿ. ಇದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಉಚಿತ.

ದುಡ್ಡು, ತಂಗುವ ಜಾಗ

ನಡುವೆ ಚಿಕಿತ್ಸೆ ಬಿಡಲು ನೋವಿನಷ್ಟೇ ದೊಡ್ಡ ಕಾರಣ ಬಸ್ ಚಾರ್ಜು ಮತ್ತು ಕೂಲಿ ನಷ್ಟ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ವರದಿ, ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಇವೆಲ್ಲದರ ಐದಾರು ಜೆರಾಕ್ಸ್ ಇಟ್ಟುಕೊಳ್ಳಿ. ಒಪ್ಪಿಗೆ ಬರಲು ದಿನ ಹಿಡಿಯುತ್ತದೆ. ಆದ್ದರಿಂದ ಹಲ್ಲಿನ ಕೆಲಸ ನಡೆಯುತ್ತಿರುವಾಗಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಂಡು ಅರ್ಜಿ ಹಾಕಿ. ಯಾವ ತಂತ್ರಕ್ಕೆ ಒಪ್ಪಿಗೆ ಸಿಕ್ಕಿತು, ಐಎಂಆರ್‌ಟಿಗೋ ಬೇರೆಯದಕ್ಕೋ ಎಂದು ಬಾಯಿಬಿಟ್ಟು ಕೇಳಿ.

ದೂರದ ಊರಿನವರು ಏಳು ವಾರ ಓಡಾಡುತ್ತೇವೆ ಎಂದುಕೊಳ್ಳಬೇಡಿ. ಮೊದಲ ಎರಡು ವಾರ ಆಗುತ್ತದೆ, ಆಮೇಲೆ ಮೈಯಲ್ಲಿ ತ್ರಾಣ ಇರುವುದಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳ ಹತ್ತಿರ ಧರ್ಮಶಾಲೆಗಳಿವೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮನೆಯವರು ಇಬ್ಬರು ಮೂವರು ಸರದಿ ಹಾಕಿಕೊಳ್ಳಿ. ಒಬ್ಬರೇ ನಿಂತರೆ ಐದನೇ ವಾರಕ್ಕೆ ಅವರೂ ಹಾಸಿಗೆ ಹಿಡಿಯುತ್ತಾರೆ.

ಮಾಸ್ಕ್ ಮತ್ತು ಪ್ಲಾನಿಂಗ್

ಮಿಲಿಮೀಟರ್ ಲೆಕ್ಕದಲ್ಲಿ ಗುರಿಯಿಡಬೇಕಾದರೆ ತಲೆ ಅಲುಗಬಾರದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಬೇರೆ ಮಾಸ್ಕ್ ಮಾಡುತ್ತಾರೆ. ತೂತು ತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ, ಮುಖದಿಂದ ಭುಜದವರೆಗೆ ಎಳೆದು ಕೂರಿಸುತ್ತಾರೆ. ಬೆಚ್ಚಗಿನ ಒದ್ದೆ ಟವೆಲ್ ಹಾಕಿದಂತೆ ಅನ್ನಿಸುತ್ತದೆ. ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಉಸಿರಾಟಕ್ಕೆ ಏನೂ ತೊಂದರೆ ಇಲ್ಲ.

ಹೋಗುವ ಮುನ್ನ ಗಡ್ಡ ಮೀಸೆ ಟ್ರಿಮ್ ಮಾಡಿಸಿ, ತಲೆಗೂದಲು ಚಿಕ್ಕದಾಗಿರಲಿ. ಮಾಸ್ಕ್ ಆದ ಮೇಲೆ ಕೂದಲಿನ ಗಾತ್ರ ಬದಲಾದರೆ ಹಿಡಿತ ತಪ್ಪುತ್ತದೆ. ಕಿವಿಯೋಲೆ, ಮೂಗುಬೊಟ್ಟು, ಸರ, ತಾಳಿಯನ್ನೂ ತೆಗೆಯಬೇಕಾಗುತ್ತದೆ. ತಾಳಿ ತೆಗೆಯಲು ಹಿಂಜರಿಯುವವರಿಗೆ ಮನೆಯಲ್ಲೇ ಮೊದಲು ಹೇಳಿ ಒಪ್ಪಿಸಿ. ಯಂತ್ರದ ಬಾಗಿಲಲ್ಲಿ ಆ ಮಾತು ಬಂದರೆ ಅವರಿಗೆ ಸಂಕಟವಾಗುತ್ತದೆ. ಮುಚ್ಚಿದ ಜಾಗದಲ್ಲಿ ಭಯ ಆಗುವವರು ಅದನ್ನು ತಂತ್ರಜ್ಞರಿಗೆ ಹೇಳಲಿ. ಕೈ ಎತ್ತಿದರೆ ಸಾಕು, ಅವರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೂಡಲೇ ಬರುತ್ತಾರೆ.

ಮಾಸ್ಕ್ ಹಾಕಿಯೇ ಸಿಟಿ ಸ್ಕ್ಯಾನ್ ಆಗುತ್ತದೆ. ನಂತರ ವೈದ್ಯರು ಒಂದೊಂದು ಚಿತ್ರದ ಮೇಲೂ ಗಡ್ಡೆ, ಗಂಟುಗಳು, ಉಳಿಸಬೇಕಾದ ಅಂಗಗಳನ್ನು ಗೆರೆ ಎಳೆದು ಗುರುತಿಸುತ್ತಾರೆ. ಫಿಸಿಸಿಸ್ಟ್ ಡೋಸ್ ಲೆಕ್ಕ ಹಾಕಿ, ಯಂತ್ರದ ಮೇಲೆ ಪರೀಕ್ಷಿಸುತ್ತಾರೆ. ಇದಕ್ಕೆ ಸುಮಾರು ಒಂದು ವಾರ ಬೇಕು. ಈ ಕಾಯುವಿಕೆ ವ್ಯರ್ಥ ಅಲ್ಲ. ಅವಸರ ಮಾಡಬೇಡಿ.

ದಿನನಿತ್ಯ

ಒಳಗೆ ಹೋಗಿ ಬರಲು 15-20 ನಿಮಿಷ. ಕಿರಣ ಬರುವುದು ಕೆಲವೇ ನಿಮಿಷ. ವಾರಕ್ಕೊಮ್ಮೆ ವೈದ್ಯರ ಭೇಟಿ, ತೂಕ, ರಕ್ತ ಪರೀಕ್ಷೆ. ಮಾಸ್ಕ್ ಸಡಿಲ ಅನ್ನಿಸಿದರೆ ಅವತ್ತೇ ಹೇಳಿ. ತೂಕ ಇಳಿದು ಮುಖ ಬತ್ತಿದಾಗ ಗುರಿ ಜಾರುತ್ತದೆ, ಆಗ ಹೊಸ ಸ್ಕ್ಯಾನ್ ಮಾಡಿ ಮತ್ತೆ ಪ್ಲಾನ್ ಮಾಡಬೇಕಾಗಬಹುದು. ಊಟದ ವಿಷಯದಲ್ಲಿ ಎಲ್ಲರೂ ಅಷ್ಟು ಒತ್ತಾಯ ಮಾಡುವುದಕ್ಕೆ ಇದೂ ಒಂದು ಕಾರಣ.

ಮೂರನೇ ವಾರದಿಂದ

ಮೊದಲ ಹತ್ತು ದಿನ ಏನೂ ಆಗುವುದಿಲ್ಲ. ‘ಇಷ್ಟೇನಾ’ ಅನ್ನಿಸುತ್ತದೆ. ಎರಡನೇ ವಾರದ ಕೊನೆಗೆ ರುಚಿ ಹೋಗುತ್ತದೆ, ಬಾಯಿ ಒಣಗುತ್ತದೆ. ಮೂರನೇ ವಾರದಿಂದ ಬಾಯಿ, ಗಂಟಲಿನಲ್ಲಿ ಹುಣ್ಣು. ಐದು ಆರನೇ ವಾರ ಅತಿ ಕಷ್ಟದ ಕಾಲ. ಮುಗಿದ ಮೇಲೂ ಒಂದೆರಡು ವಾರ ಹಾಗೇ ಇದ್ದು, ನಂತರ ಮಾಯತೊಡಗುತ್ತದೆ. ಇದು ರೋಗ ಉಲ್ಬಣಿಸಿದ್ದಲ್ಲ, ಚಿಕಿತ್ಸೆಯದೇ ಪರಿಣಾಮ. ರೋಗಿಗೂ ಮನೆಯವರಿಗೂ ಇದು ಮೊದಲೇ ಗೊತ್ತಿದ್ದರೆ ಹೆದರಿ ಓಡಿಹೋಗುವುದಿಲ್ಲ.

ಬಾಯಿ ತೊಳೆಯುವುದು ಮೊದಲ ದಿನದಿಂದಲೇ ಶುರುವಾಗಲಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳಬೇಕು. ದಿನವೂ ಹೊಸದಾಗಿ ಮಾಡಿಕೊಳ್ಳಿ. ಆಲ್ಕೋಹಾಲ್ ಇರುವ ಅಂಗಡಿ ಮೌತ್‌ವಾಶ್ ಬೇಡ, ಉರಿ ಹೆಚ್ಚುತ್ತದೆ. ಮೆತ್ತನೆಯ ಬ್ರಷ್ ಬಳಸಿ. ನಾಲಿಗೆ, ಕೆನ್ನೆಯಲ್ಲಿ ಬಿಳಿ ಪದರ ಕಂಡರೆ ತೋರಿಸಿ. ಅದು ಶಿಲೀಂಧ್ರದ ಸೋಂಕಿರಬಹುದು, ಔಷಧಕ್ಕೆ ಬೇಗ ಹೋಗುತ್ತದೆ.

ನೋವಿನ ಮಾತ್ರೆಯನ್ನು ನೋವು ತಡೆಯಲಾಗದ ಮೇಲೆ ನುಂಗುವುದಲ್ಲ. ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಡೋಸ್ ಬರುವಂತೆ ಹೊಂದಿಸಿಕೊಳ್ಳಿ. ವೈದ್ಯರು ಮಾರ್ಫಿನ್ ಬರೆದರೆ ಗಾಬರಿಯಾಗಬೇಡಿ. ಚಟ ಹತ್ತುತ್ತದೆ ಎಂದು ಮಾತ್ರೆ ಬಚ್ಚಿಡುವ ಮನೆಯವರಿದ್ದಾರೆ. ಹುಣ್ಣು ಮಾಯುತ್ತಿದ್ದಂತೆ ವೈದ್ಯರೇ ಅದನ್ನು ಇಳಿಸಿ ನಿಲ್ಲಿಸುತ್ತಾರೆ. ಮಲಬದ್ಧತೆ ಮಾತ್ರ ಸಾಮಾನ್ಯವಾಗಿ ಆಗುತ್ತದೆ, ಅದಕ್ಕೂ ಔಷಧ ಕೇಳಿ ತನ್ನಿ.

ಈಗ ಊಟ. ಪಥ್ಯದ ಹೆಸರಿನಲ್ಲಿ ಹಾಲು, ಮೊಸರು, ಮೊಟ್ಟೆ, ಮಾಂಸ ನಿಲ್ಲಿಸುವುದು ನಮ್ಮಲ್ಲಿ ನಡೆಯುವ ದೊಡ್ಡ ಅನ್ಯಾಯ. ಈ ಏಳು ವಾರ ಬೇಕಾಗಿರುವುದೇ ಪ್ರೊಟೀನು ಮತ್ತು ಶಕ್ತಿ. ರಾಗಿ ಗಂಜಿಗೆ ಹಾಲು ಮತ್ತು ತುಪ್ಪ, ಮೆತ್ತಗೆ ಕಿವುಚಿದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಬೇಯಿಸಿ ಮಸೆದ ಮೊಟ್ಟೆ, ಹೆಸರುಬೇಳೆ ಪಾಯಸ, ಬಾಳೆಹಣ್ಣಿನ ಮಿಲ್ಕ್‌ಶೇಕ್, ಖಾರವಿಲ್ಲದ ಬೇಳೆ ಕಟ್ಟು. ಮುದ್ದೆ ಉಣ್ಣುವವರು ತೆಳ್ಳಗೆ ತಿರುವಿದ ಮುದ್ದೆಯನ್ನು ಸಪ್ಪೆ ಸಾರಿನಲ್ಲಿ ನುಂಗಬಹುದು, ಅಗಿಯುವ ಕಷ್ಟವಿಲ್ಲ. ಹುಣಸೆ, ನಿಂಬೆ, ಟೊಮೆಟೊ, ಹಸಿಮೆಣಸು, ಒಣ ರೊಟ್ಟಿ, ತುಂಬಾ ಬಿಸಿ ಬೇಡ. ಮೂರು ದೊಡ್ಡ ಊಟದ ಬದಲು ಎರಡು ಗಂಟೆಗೊಮ್ಮೆ ಒಂದು ಲೋಟ. ರುಚಿ ಇಲ್ಲದಿದ್ದರೂ ಔಷಧಿ ಅಂತ ಕುಡಿಯಲಿ. ನೀರು ಕುಡಿದಾಗ ಕೆಮ್ಮು ಬಂದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಒತ್ತಾಯ ಮಾಡಿ ಕುಡಿಸದೆ ವೈದ್ಯರಿಗೆ ಹೇಳಿ.

ತೂಕ ಇಳಿಯುತ್ತಲೇ ಹೋದರೆ ವೈದ್ಯರು ಮೂಗಿನಿಂದ ಟ್ಯೂಬ್ ಹಾಕೋಣ ಅನ್ನುತ್ತಾರೆ. ಟ್ಯೂಬ್ ಅಂದರೆ ಕೊನೆಗಾಲ ಅಂತ ಅಳುವವರಿದ್ದಾರೆ. ಹಾಗೇನೂ ಅಲ್ಲ. ಅದು ಕೆಲವು ವಾರದ ಊಟದ ದಾರಿ, ಬಾಯಿ ಮಾಗಿದ ಮೇಲೆ ತೆಗೆಯುತ್ತಾರೆ. ನನ್ನನ್ನು ಕೇಳಿದರೆ ತಡಮಾಡಿ ಹಾಕಿಸಿಕೊಳ್ಳುವುದಕ್ಕಿಂತ ಬೇಗ ಹಾಕಿಸಿಕೊಳ್ಳುವುದೇ ವಾಸಿ, ಮೈಯಲ್ಲಿ ನೀರಿನಂಶ ಇಳಿದು ವಾರ್ಡಿಗೆ ಸೇರುವುದು ತಪ್ಪುತ್ತದೆ. ಟ್ಯೂಬ್ ಇದ್ದರೂ ನುಂಗಲು ಆಗುವವರು ದಿನವೂ ನಾಲ್ಕಾರು ಗುಟುಕು ನೀರು ನುಂಗುತ್ತಿರಬೇಕು. ನುಂಗುವುದನ್ನೇ ನಿಲ್ಲಿಸಿದರೆ ಗಂಟಲಿನ ಸ್ನಾಯುಗಳು ಮರೆತುಬಿಡುತ್ತವೆ.

ಬಾಯಿ ತೆರೆಯುವ ವ್ಯಾಯಾಮವನ್ನೂ ಬಿಡಬೇಡಿ. ಮೂರು ಬೆರಳು ಅಡ್ಡವಾಗಿ ಹಿಡಿಸುವಷ್ಟು ಬಾಯಿ ತೆರೆಯಬೇಕು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರವಾರ ಒಂದೊಂದು ಹೆಚ್ಚಿಸುವ ವಿಧಾನ ನಮ್ಮ ಆಸ್ಪತ್ರೆಗಳಲ್ಲಿ ಚಾಲ್ತಿಯಲ್ಲಿದೆ. ಚಿಕಿತ್ಸೆಗೆ ಮೊದಲೇ ಎಷ್ಟು ತೆರೆಯುತ್ತದೆ ಎಂದು ಅಳೆದು ಬರೆದಿಡಿ.

ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ, ಸಿಪ್ಪೆ ಏಳುತ್ತದೆ. ಅರಿಶಿನ, ಪೌಡರ್, ವಿಭೂತಿ, ಎಣ್ಣೆ, ನಾಟಿ ಲೇಪ ಯಾವುದೂ ಬೇಡ. ಬ್ಲೇಡ್ ತಾಕಿಸಬೇಡಿ. ಬರೀ ನೀರು ಹಾಕಿ ಒತ್ತಿ ಒರೆಸಿ, ಉಜ್ಜಬೇಡಿ. ಕಾಲರ್ ಇಲ್ಲದ ಹತ್ತಿ ಬಟ್ಟೆ ಹಾಕಿಸಿ. ಬಿಸಿಲಿಗೆ ಹೋಗುವಾಗ ಮೆತ್ತನೆ ಬಟ್ಟೆ ಸುತ್ತಿಕೊಳ್ಳಲಿ.

ದಿನ ತಪ್ಪಿದರೆ

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ತಲೆ-ಕುತ್ತಿಗೆಯ ಕ್ಯಾನ್ಸರನ್ನು ಮೊದಲ ವರ್ಗದಲ್ಲಿ, ಅಂದರೆ ದಿನ ತಪ್ಪಿದರೆ ಹೆಚ್ಚು ನಷ್ಟವಾಗುವ ಕ್ಯಾನ್ಸರ್‌ಗಳ ಗುಂಪಿನಲ್ಲಿ ಇಟ್ಟಿದೆ. ಒಟ್ಟು ಅವಧಿ ಎರಡು ದಿನಕ್ಕಿಂತ ಹೆಚ್ಚು ಉದ್ದವಾಗಕೂಡದು ಎನ್ನುತ್ತದೆ. ಜಾತ್ರೆ, ಮದುವೆ, ಸುಗ್ಗಿ ಇವು ಕಾರಣವಾಗಬಾರದು. ಆದರೆ ಯಂತ್ರ ಕೆಡಬಹುದು, ಸರ್ಕಾರಿ ರಜೆ ಬರಬಹುದು. ಆಗ ‘ಸರಿ, ನಾಳೆ ಬರ್ತೀವಿ’ ಎಂದು ಹೋಗಬೇಡಿ. ‘ಈ ದಿನವನ್ನು ಹೇಗೆ ತುಂಬಿಸುತ್ತೀರಿ?’ ಎಂದು ಕೇಳಿ. ಶನಿವಾರ ಕೊಡಬಹುದು, ಬೇರೆ ಯಂತ್ರದಲ್ಲಿ ಕೊಡಬಹುದು, ಅಥವಾ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡಬಹುದು. ತೀರ್ಮಾನ ವೈದ್ಯರದು, ಕೇಳುವ ಹಕ್ಕು ನಿಮ್ಮದು. ಎಷ್ಟು ಸಲ ಆಯಿತು ಎಂಬ ಲೆಕ್ಕ ನಿಮ್ಮ ಪುಸ್ತಕದಲ್ಲೂ ಇರಲಿ.

ಜ್ವರ 100.4 ಡಿಗ್ರಿ ದಾಟಿದರೆ, ಅದರಲ್ಲೂ ಕೀಮೋ ನಡೆಯುತ್ತಿದ್ದರೆ, ಬೆಳಗಾಗುವವರೆಗೆ ಕಾಯಬೇಡಿ. ಉಸಿರಾಡುವಾಗ ಸೀಟಿಯಂಥ ಶಬ್ದ, ಬಾಯಿಂದ ರಕ್ತ, ಇಡೀ ದಿನ ಏನೂ ನುಂಗಲಾಗದಿರುವುದು, ಮೂತ್ರ ತೀರಾ ಕಡಿಮೆಯಾಗುವುದು ಕೂಡ ಹಾಗೆಯೇ. ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಮುಗಿದ ಮೇಲೆ

ಕೊನೆಯ ದಿನ ಮನೆಗೆ ಬಂದ ಮೇಲೂ ಬಾಯಿ ತೊಳೆಯುವುದು, ನೋವಿನ ಮಾತ್ರೆ, ಮೆತ್ತನೆ ಊಟ ಹಾಗೇ ಮುಂದುವರಿಯಲಿ. ರುಚಿ ಕೆಲವು ತಿಂಗಳಲ್ಲಿ ನಿಧಾನವಾಗಿ ಬರುತ್ತದೆ. ಜೊಲ್ಲು ಸುಧಾರಿಸಲು ಒಂದೆರಡು ವರ್ಷವೂ ಆಗಬಹುದು. ಅಲ್ಲಿಯವರೆಗೆ ಕೈಯಲ್ಲಿ ನೀರಿನ ಬಾಟಲಿ ಇರಬೇಕು.

ರೇಡಿಯೇಷನ್ನನ್ನೇ ಮುಖ್ಯ ಚಿಕಿತ್ಸೆಯಾಗಿ ಪಡೆದವರಿಗೆ ರೋಗ ಉಳಿದಿದೆಯೇ ಎಂದು ನೋಡಲು ಸುಮಾರು 12 ವಾರದ ನಂತರ ಪೆಟ್-ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅದಕ್ಕೂ ಮೊದಲೇ ಮಾಡಿಸಿದರೆ ಉರಿಯೂತವೇ ರೋಗದಂತೆ ಕಂಡು ಸುಮ್ನೆ ಗಾಬರಿ. ಮೊದಲ ಎರಡು ವರ್ಷದಲ್ಲೇ ರೋಗ ಮರಳುವ ಸಾಧ್ಯತೆ ಹೆಚ್ಚು. ಆಗ ವೈದ್ಯರು ಹೇಳಿದ ತಪಾಸಣೆಗಳನ್ನು ಒಂದನ್ನೂ ಬಿಡಬೇಡಿ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ನಿಧಾನವಾಗಬಹುದು. ಸುಸ್ತು, ಚಳಿ, ತೂಕ ಏರಿಕೆ ಕಂಡರೂ ಕಾಣದಿದ್ದರೂ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡಿನ ರಕ್ತ ಪರೀಕ್ಷೆ ಮಾಡಿಸಿ.

ಆಸ್ಪತ್ರೆಯಿಂದ ಬರುವಾಗ ಚಿಕಿತ್ಸೆಯ ಸಾರಾಂಶ ಪತ್ರ ಕೇಳಿ ತೆಗೆದುಕೊಳ್ಳಿ. ಯಾವ ಜಾಗಕ್ಕೆ ಎಷ್ಟು ಗ್ರೇ ಬಿತ್ತು ಎಂಬುದು ಅದರಲ್ಲಿರಬೇಕು. ಐದು ವರ್ಷ, ಹತ್ತು ವರ್ಷ ಕಳೆದ ಮೇಲೂ ಹಲ್ಲು ಕೀಳಿಸಬೇಕಾದರೆ ಆ ಪತ್ರವನ್ನು ಹಲ್ಲಿನ ಡಾಕ್ಟರ್‌ಗೆ ತೋರಿಸಿ, ರೇಡಿಯೇಷನ್ ಕೊಟ್ಟ ವೈದ್ಯರನ್ನು ಕೇಳಿದ ಮೇಲೆಯೇ ಕೀಳಿಸಿ. ಒಂದು ಪ್ರತಿ ಫೈಲಿನಲ್ಲಿ, ಒಂದು ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿ ಇರಲಿ.